ರಕ್ತದಲ್ಲಿ ಹರಿದಾಡುವ ಓಲೆಗಳು

ಶತ್ರು ಸೈನ್ಯ ಗಡಿ ದಾಟಿತೆಂದೊಡನೆ ಕೋಟೆಯ ಬುರುಜಿನ ಮೇಲೆ ನಗಾರಿ ಮೊಳಗುತ್ತಿತ್ತು. ಓಲೆಕಾರರು ಓಲೆಗಳನ್ನು ಹಿಡಿದು ದಿಕ್ಕುದಿಕ್ಕಿಗೆ ಓಡುತ್ತಿದ್ದರು. ಪಾಳೆಯಗಾರರ ಕಾಲದ ಆ ಏರ್ಪಾಡು ಇಂದು ಕಥೆಯಾಗಿ ಉಳಿದಿದೆ. ಆದರೆ ಮನುಷ್ಯನ ದೇಹದೊಳಗೆ ಅದು ಈ ಕ್ಷಣವೂ ನಡೆದೇ ಇದೆ. ಬೆರಳಿಗೆ ಮುಳ್ಳು ಚುಚ್ಚಲಿ, ಗಂಟಲಿಗೆ ನೆಗಡಿಯ ಸೋಂಕು ತಗಲಲಿ, ಅಲ್ಲಿನ ಜೀವಕೋಶಗಳು ಒಡನೆಯೇ ಕೆಲವು ಪುಟ್ಟ ಪ್ರೋಟೀನುಗಳನ್ನು ಹೊರಕ್ಕೆ ಬಿಡುತ್ತವೆ. ರೋಗನಿರೋಧಕ ಪಡೆಯ ಓಲೆಗಳೆಂದರೆ ಅವೇ. ‘ಇತ್ತ ಬನ್ನಿ’ ಎಂದು ಬಿಳಿಯ ರಕ್ತಕಣಗಳನ್ನು ಕರೆಯುವುದು ಒಂದು. ‘ಜ್ವರವೇರಿಸು’ ಎಂದು ಮೆದುಳಿಗೆ ಅಪ್ಪಣೆ ಮಾಡುವುದು ಮತ್ತೊಂದು. ‘ಸಾಕು, ಇನ್ನು ಆಯುಧ ಕೆಳಗಿಡಿ’ ಎಂದು ಸಾರುವುದು ಮಗುದೊಂದು. ಇವುಗಳಿಗೆಲ್ಲ ಒಟ್ಟಾಗಿ ಸೈಟೊಕೈನ್‌ಗಳೆಂದು ಹೆಸರು.

1957ರಲ್ಲಿ ಲಂಡನ್ನಿನ ಮಿಲ್ ಹಿಲ್ ಸಂಶೋಧನಾಲಯದಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ ಎಂಬ ಇಬ್ಬರು ಇಂತಹ ಓಲೆಯೊಂದನ್ನು ಕಂಡುಹಿಡಿದು, ವೈರಸ್ಸುಗಳ ಬೆಳವಣಿಗೆಗೆ ಅಡ್ಡಬರುವ ಅದಕ್ಕೆ ‘ಇಂಟರ್‌ಫೆರಾನ್’ ಎಂದು ಕರೆದರು. ಅನಂತರ ಒಂದಾದಮೇಲೊಂದು ಸಿಕ್ಕತೊಡಗಿದವು. 1979ರಲ್ಲಿ ತಜ್ಞರು ಸಭೆ ಸೇರಿ ಬಿಳಿಯ ರಕ್ತಕಣಗಳು ತಮ್ಮತಮ್ಮೊಳಗೆ ಕಳುಹಿಸುವ ಓಲೆಗಳಿಗೆ ‘ಇಂಟರ್‌ಲ್ಯೂಕಿನ್’ ಎಂಬ ಹೆಸರನ್ನು ಗೊತ್ತುಮಾಡಿದರು. ಹೆಸರಿಡುವ ವಿಷಯದಲ್ಲಿ ವಿಜ್ಞಾನಿಗಳಿಗೆ ರಸಿಕತೆ ಕಡಿಮೆಯೆಂದೇ ಹೇಳಬೇಕು. ಕಾರಾಗೃಹದ ಕೈದಿಗಳಿಗೆ ಅಂಕಿ ಹಾಕುವಂತೆ ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಿದ್ದಾರೆ. ಎಣಿಕೆ ಮೂವತ್ತನ್ನು ದಾಟಿದೆ. ಇವುಗಳ ಪೈಕಿ ಇಂಟರ್‌ಲ್ಯೂಕಿನ್-6 ಎಂಬುದನ್ನು ಮಾತ್ರ ವಾಚಕರು ನೆನಪಿನಲ್ಲಿಟ್ಟುಕೊಂಡರೆ ಸಾಕು. ಜಪಾನಿನ ಒಸಾಕಾದಲ್ಲಿ ತದಮಿತ್ಸು ಕಿಶಿಮೊಟೊ, ತೊಶಿಯೊ ಹಿರಾನೊ ಮೊದಲಾದವರು 1986ರಲ್ಲಿ ಅದರ ವಂಶವಾಹಿಯನ್ನು ಬೇರ್ಪಡಿಸಿದರು. ಮುಂದೆ ಒಂದು ಮಗುವಿನ ಪ್ರಾಣ ಇದರ ಮೇಲೆ ನಿಂತಿತು.

ಈ ಓಲೆಗಳನ್ನು ಹಿಡಿಯುವುದು ಹೇಗೆ? ತೊಡಕಿರುವುದು ಅವುಗಳ ಪ್ರಮಾಣದಲ್ಲಿ. ಆರೋಗ್ಯವಂತನ ಒಂದು ಮಿಲಿಲೀಟರು ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಕೆಲವೇ ಪಿಕೊಗ್ರಾಮುಗಳಷ್ಟಿರುತ್ತದೆ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಪಿಕೊಗ್ರಾಮ್. ತುಂಬಿ ತುಳುಕುವ ಕೃಷ್ಣರಾಜಸಾಗರದ ನೀರಿನಲ್ಲಿ ಸುಮಾರು ಒಂದೂವರೆ ಕಿಲೋಗ್ರಾಮ್ ಸಕ್ಕರೆಯನ್ನು ಕದಡಿ, ಬಳಿಕ ಅದರಿಂದ ಒಂದು ಚಮಚ ನೀರು ಮೊಗೆದು ‘ಇದರಲ್ಲಿ ಸಕ್ಕರೆ ಎಷ್ಟಿದೆ, ಹೇಳಿ’ ಎಂದರೆ ಹೇಗೋ, ಮಿಲಿಲೀಟರಿಗೆ ಒಂದು ಪಿಕೊಗ್ರಾಮನ್ನು ಅಳೆಯುವುದೂ ಹಾಗೆಯೇ. ಸಾಲದುದಕ್ಕೆ ಆ ನೀರಿನಲ್ಲಿ ಸಾವಿರಾರು ಬಗೆಯ ಇತರ ಪ್ರೋಟೀನುಗಳು ಕೋಟಿಪಾಲು ಹೆಚ್ಚಾಗಿ ಕಲಸಿಕೊಂಡಿವೆ. ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು. ಸಾಮಾನ್ಯ ರಸಾಯನ ಪರೀಕ್ಷೆಯೂ ಸೋತೀತು.

ಇದಕ್ಕೆ ಉಪಾಯವನ್ನು ಒದಗಿಸಿದುದು ದೇಹವೇ. ಹೊರಗಿನ ವಸ್ತುವೊಂದು ಒಳಹೊಕ್ಕಾಗ ಅದಕ್ಕೆ ಮಾತ್ರ ಸರಿಯಾಗಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ರಕ್ತವು ನಿರ್ಮಿಸುತ್ತದೆ. ಬೀಗಕ್ಕೆ ಬೀಗದ ಕೈ ಹೊಂದುವಂತೆ ಒಂದು ಪ್ರತಿಕಾಯ ತನ್ನ ಗುರಿಯೊಂದನ್ನೇ ಹುಡುಕಿ ಹಿಡಿಯುತ್ತದೆ. ಮನುಷ್ಯನ ಇಂಟರ್‌ಲ್ಯೂಕಿನ್-6ನ್ನು ಇಲಿಗೆ ಚುಚ್ಚಿದರೆ ಇಲಿಯ ದೇಹಕ್ಕೆ ಅದು ಪರಕೀಯವೇ ಸರಿ. ಅದರ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ಆದರೆ ಪ್ರತಿಕಾಯವೂ ಕಣ್ಣಿಗೆ ಕಾಣುವಂಥದಲ್ಲ. ಅಮಾವಾಸ್ಯೆಯ ಕತ್ತಲಿನಲ್ಲಿ ಕಳ್ಳನನ್ನು ಹಿಡಿದ ತಳವಾರನೂ ಕತ್ತಲಿನಲ್ಲೇ ನಿಂತಿದ್ದರೆ ಊರವರಿಗೆ ತಿಳಿಯುವುದೆಂತು? ಅವನ ಕೈಗೊಂದು ಪಂಜು ಬೇಕು.

ಆ ಪಂಜಿನ ಯೋಚನೆ ಬಾಸ್ಟನ್ನಿನ ಯುವ ವೈದ್ಯ ಆಲ್ಬರ್ಟ್ ಕೂನ್ಸ್ ಎಂಬಾತನಿಗೆ ಹೊಳೆದುದು 1939ರ ಬೇಸಿಗೆಯಲ್ಲಿ, ಅದೂ ಯುದ್ಧದ ಹೊಸ್ತಿಲಲ್ಲಿದ್ದ ಬರ್ಲಿನ್ ನಗರದಲ್ಲಿ. ಕೀಲುಗಳನ್ನು ಬಾಧಿಸಿ ಹೃದಯವನ್ನು ಕೆಡಿಸುವ ರೂಮ್ಯಾಟಿಕ್ ಜ್ವರದ ಬಗ್ಗೆ ಆತ ಚಿಂತಿಸುತ್ತಿದ್ದ. ಆ ರೋಗಕ್ಕೂ ಗಂಟಲಿನ ಸ್ಟ್ರೆಪ್ಟೊಕಾಕಸ್ ಕ್ರಿಮಿಗೂ ನಂಟಿದೆಯೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಕೆಟ್ಟ ಹೃದಯದಲ್ಲಿ ಆ ಕ್ರಿಮಿಯ ಅಂಶವನ್ನು ಕಂಡವರಿರಲಿಲ್ಲ. ಕ್ರಿಮಿಗೆ ಅಂಟುವ ಪ್ರತಿಕಾಯಕ್ಕೆ ಬಣ್ಣ ಕಟ್ಟಿ ಕಳುಹಿಸಿದರೆ ಅದು ಅಡಗಿರುವ ತಾಣ ಗೊತ್ತಾಗಲಾರದೆ? ಪ್ರತಿಕಾಯಕ್ಕೆ ಕೆಂಪು ಬಣ್ಣ ಕಟ್ಟುವ ಪ್ರಯೋಗವನ್ನು ಲಂಡನ್ನಿನ ಮ್ಯಾರಕ್ 1934ರಲ್ಲಿಯೇ ಮಾಡಿದ್ದರೂ ಅಂಗಾಂಶದೊಳಗೆ ಕಾಣುವಷ್ಟು ಕಾಂತಿ ಆ ಬಣ್ಣಕ್ಕಿರಲಿಲ್ಲ. ಕೂನ್ಸ್ ಆರಿಸಿಕೊಂಡುದು ನೇರಳಾತೀತ ಕಿರಣ ಬಿದ್ದೊಡನೆ ತಾನೇ ಹೊಳೆಯುವ ವಸ್ತುವನ್ನು.

ಹಾರ್ವರ್ಡಿಗೆ ಹಿಂದಿರುಗಿ ರಸಾಯನತಜ್ಞರಾದ ಕ್ರೀಚ್ ಮತ್ತು ಜೋನ್ಸ್ ಅವರ ನೆರವಿನಿಂದ ಮೊದಲು ಕಟ್ಟಿದ ಬಣ್ಣ ನೀಲಿಯಾಗಿ ಹೊಳೆಯಿತು. ದುರ್ದೈವಕ್ಕೆ ಪ್ರಾಣಿಯ ಅಂಗಾಂಶವೂ ಆ ಕಿರಣದಲ್ಲಿ ತಾನಾಗಿಯೇ ನೀಲಿಯಾಗಿ ಹೊಳೆಯುತ್ತದೆ! ನೀಲಿಯಲ್ಲಿ ನೀಲಿ ಬೆರೆತು ಹೋಯಿತು. ಆಗ ಹಸುರು ಬೆಳಕು ಬೀರುವ ಫ್ಲೂರೊಸೀನ್ ಎಂಬ ಬಣ್ಣವನ್ನು ತೊಡಿಸಿದರು. 1942ರ ವೇಳೆಗೆ ನ್ಯುಮೋನಿಯ ಕ್ರಿಮಿಯ ಅಂಶಗಳು ಇಲಿಯ ಅಂಗಾಂಶದಲ್ಲಿ ಹಸುರು ಮಿಣುಕುಗಳಾಗಿ ಸೂಕ್ಷ್ಮದರ್ಶಕದ ಕೆಳಗೆ ಕಂಡವು. ಅಷ್ಟರಲ್ಲಿ ಕೂನ್ಸ್ ಸೈನ್ಯಕ್ಕೆ ಸೇರಬೇಕಾಯಿತು. ಕೆಲಸ ಮುಂದುವರಿದುದು ಯುದ್ಧ ಮುಗಿದು ಆತ ಮರಳಿದಮೇಲೆ. ಆ ಬಣ್ಣವನ್ನು ತಯಾರಿಸಲು ಫಾಸ್ಜೀನ್ ಎಂಬ ಘೋರ ವಿಷಾನಿಲ ಬೇಕಾಗುತ್ತಿತ್ತಾದುದರಿಂದ ಇತರ ಪ್ರಯೋಗಶಾಲೆಗಳು ಹಿಂಜರಿದವು. 1958ರಲ್ಲಿ ಸೌಮ್ಯವಾದ ಮತ್ತೊಂದು ರೂಪ ಸಿದ್ಧವಾದ ಬಳಿಕವೇ ಈ ವಿದ್ಯೆ ಎಲ್ಲೆಡೆ ಹಬ್ಬಿತು.

ಬಣ್ಣದ ಪಂಜು ‘ಎಲ್ಲಿದೆ’ ಎಂಬುದನ್ನು ತೋರಿಸಿತು. ‘ಎಷ್ಟಿದೆ’ ಎಂಬ ಪ್ರಶ್ನೆಗೆ ಉತ್ತರ ಬಂದುದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಿಂದ. ರೊಸಾಲಿನ್ ಯಾಲೊ ಎಂಬ ಭೌತವಿಜ್ಞಾನದ ಮಹಿಳೆ, ವೈದ್ಯ ಸಾಲೊಮನ್ ಬರ್ಸನ್ ಇವರಿಬ್ಬರೂ ಸಿಹಿಮೂತ್ರ ರೋಗಿಗಳ ರಕ್ತದಲ್ಲಿ ಇನ್ಸುಲಿನ್ನನ್ನು ಅಳೆಯಲು ವಿಕಿರಣಶೀಲ ಅಯೋಡಿನ್ನನ್ನೇ ಗುರುತಾಗಿ ಬಳಸಿದರು. ಇಲ್ಲಿ ಗುರುತು ಕಟ್ಟಿದುದು ಪ್ರತಿಕಾಯಕ್ಕಲ್ಲ, ಇನ್ಸುಲಿನ್ನಿಗೆ. ಇನ್ಸುಲಿನ್ನಿನ ವಿರುದ್ಧ ಮನುಷ್ಯನಲ್ಲಿ ಪ್ರತಿಕಾಯ ಹುಟ್ಟುತ್ತದೆಂಬ ಅವರ ಮೊದಲ ಪ್ರಬಂಧವನ್ನು 1955ರಲ್ಲಿ ಪತ್ರಿಕೆಯವರು ತಿರಸ್ಕರಿಸಿದರು. ಆ ಪತ್ರವನ್ನು ಯಾಲೊ ಜೋಪಾನವಾಗಿ ಇಟ್ಟುಕೊಂಡಿದ್ದರು. 1977ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗ ತಮ್ಮ ಭಾಷಣದೊಂದಿಗೆ ಅದನ್ನೂ ಜಗತ್ತಿಗೆ ತೋರಿಸಿದರು. ಬರ್ಸನ್ ಅದನ್ನು ಕಾಣಲು ಉಳಿದಿರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ವಿಕಿರಣವನ್ನು ದಿನನಿತ್ಯ ಮುಟ್ಟುವುದು ಅಪಾಯ. 1971ರಲ್ಲಿ ಸ್ಟಾಕ್‌ಹೋಮಿನ ಏವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಅದಕ್ಕೆ ಬದಲಾಗಿ ಕಿಣ್ವವನ್ನು ಕಟ್ಟಿದರು. ಅದೇ ವರ್ಷ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರೂ ಸ್ವತಂತ್ರವಾಗಿ ಇದೇ ದಾರಿ ಹಿಡಿದಿದ್ದರು. ಇದೇ ಈಗ ‘ಎಲೈಸಾ’ ಎಂದು ಮನೆಮಾತಾಗಿರುವ ಪರೀಕ್ಷೆ.

ಓಲೆಗಳನ್ನು ಹಿಡಿಯುವಾಗ ಅದು ನಡೆಯುವ ಬಗೆ ಸ್ವಾರಸ್ಯಕರವಾದುದು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಪಗಡೆಹಾಸಿನ ಮನೆಗಳಂತೆ ಸಾಲುಸಾಲಾಗಿ 96 ಗುಳಿಗಳು. ಪ್ರತಿ ಗುಳಿಯ ತಳಕ್ಕೂ ಇಂಟರ್‌ಲ್ಯೂಕಿನ್-6ರ ಪ್ರತಿಕಾಯವನ್ನು ಅಂಟಿಸಿರುತ್ತಾರೆ. ರೋಗಿಯ ರಕ್ತರಸವನ್ನು ಅದರಲ್ಲಿ ಹನಿಸಿದಾಗ ಆ ಓಲೆ ತಳದ ಪ್ರತಿಕಾಯಕ್ಕೆ ಸಿಕ್ಕಿಕೊಳ್ಳುತ್ತದೆ. ಮಿಕ್ಕುದೆಲ್ಲ ತೊಳೆದಾಗ ಕೊಚ್ಚಿ ಹೋಗುತ್ತದೆ. ಬಳಿಕ ಎರಡನೆಯ ಪ್ರತಿಕಾಯ ಬರುತ್ತದೆ. ಇದು ಅದೇ ಓಲೆಯನ್ನು ಮತ್ತೊಂದು ಮಗ್ಗುಲಿನಿಂದ ಹಿಡಿಯುವಂಥದು; ಬೆನ್ನಿನ ಮೇಲೆ ಕಿಣ್ವವನ್ನು ಹೊತ್ತಿರುತ್ತದೆ. ಈ ಕಿಣ್ವವನ್ನು ಹಲವೊಮ್ಮೆ ತೆಗೆಯುವುದು ಮೂಲಂಗಿಯ ದಾಯಾದಿಯಾದ ಒಂದು ಖಾರದ ಗೆಡ್ಡೆಯಿಂದ! ಮತ್ತೆ ತೊಳೆದು, ಬಣ್ಣವಿಲ್ಲದ ದ್ರವವೊಂದನ್ನು ಸುರಿದರೆ ಕಿಣ್ವವು ಅದನ್ನು ನೀಲಿಯಾಗಿ ಮಾರ್ಪಡಿಸುತ್ತದೆ. ಆಮ್ಲ ಹನಿಸಿದಾಗ ನೀಲಿ ಹಳದಿಯಾಗಿ ನಿಲ್ಲುತ್ತದೆ. ಹಳದಿ ಗಾಢವಾದಷ್ಟೂ ಓಲೆಗಳು ಹೆಚ್ಚು. ಒಂದು ಕಿಣ್ವದ ಕಣ ಸಾವಿರಾರು ಬಣ್ಣದ ಕಣಗಳನ್ನು ಹುಟ್ಟಿಸುವುದರಿಂದಲೇ ಕೃಷ್ಣರಾಜಸಾಗರದ ಸಕ್ಕರೆಯೂ ಕಣ್ಣಿಗೆ ಕಾಣುತ್ತದೆ.

ಎರಡು ಮಗ್ಗುಲಿನಿಂದ ಹಿಡಿಯುವ ಜೋಡಿ ಪ್ರತಿಕಾಯಗಳು, ಅವೂ ಎಂದೆಂದಿಗೂ ಒಂದೇ ತೆರನಾದವು, ಬೇಕಾದಷ್ಟು ದೊರೆಯುವಂತಾದುದು 1975ರಲ್ಲಿ ಕೇಂಬ್ರಿಡ್ಜಿನ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಅವರ ಶೋಧದಿಂದ. ಪ್ರತಿಕಾಯ ತಯಾರಿಸುವ ಕೋಶವನ್ನು ಸಾವಿಲ್ಲದ ಕ್ಯಾನ್ಸರ್ ಕೋಶದೊಡನೆ ಬೆಸೆದು, ಒಂದೇ ತಾಯಿಯ ಸಂತಾನ ಒಂದೇ ಪ್ರತಿಕಾಯವನ್ನು ಸುರಿಸುತ್ತಿರುವಂತೆ ಅವರು ಮಾಡಿದರು. ಅದಕ್ಕೂ 1984ರಲ್ಲಿ ನೊಬೆಲ್ ಸಂದಿತು.

ಇಷ್ಟಾದರೂ ಹೊಳೆಯಲ್ಲಿ ತೇಲಿಬಂದ ಓಲೆಯನ್ನು ಹಿಡಿದವನಿಗೆ ಬರೆದವರಾರೆಂದು ತಿಳಿಯದು. ಅದಕ್ಕಾಗಿ ಸಂಶೋಧಕರು ಹೂಡಿದ ತಂತ್ರ ಯಾವ ಪತ್ತೇದಾರನಿಗೂ ಮೆಚ್ಚಿಗೆಯಾದೀತು. ಶಿಲೀಂಧ್ರದಿಂದ ತೆಗೆದ ಬ್ರೆಫೆಲ್ಡಿನ್ ಎಂಬ ವಸ್ತುವನ್ನು ಜೀವಕೋಶಗಳಿಗೆ ಉಣಿಸಿದರೆ ಅವುಗಳ ಒಳಗಿನ ಅಂಚೆ ನಿಂತುಹೋಗುತ್ತದೆ. ಓಲೆ ಬರೆಯುವುದು ನಡೆದೇ ಇರುತ್ತದೆ. ಹೊರಕ್ಕೆ ಸಾಗದೆ ಮನೆಯೊಳಗೇ ರಾಶಿ ಬೀಳುತ್ತದೆ. ಆಗ ಕೋಶವನ್ನು ಫಾರ್ಮಲ್ಡಿಹೈಡಿನಿಂದ ಇದ್ದಂತೆಯೇ ನಿಲ್ಲಿಸಿ, ಸಪೊನಿನ್ ಎಂಬ ನೊರೆ ಪದಾರ್ಥದಿಂದ ಗೋಡೆಗೆ ಸಣ್ಣ ತೂತುಗಳನ್ನು ಕೊರೆದು, ಬಣ್ಣ ಹೊತ್ತ ಪ್ರತಿಕಾಯಗಳನ್ನು ಒಳಕ್ಕೆ ಬಿಡುತ್ತಾರೆ. ಬಳಿಕ ಕೋಶಗಳು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾದುಹೋಗುವಾಗ ಯಾರ ಮನೆಯಲ್ಲಿ ಯಾವ ಓಲೆ ಇತ್ತೆಂಬುದು ಬಯಲಾಗುತ್ತದೆ.

ಇವೆಲ್ಲ ಪ್ರಯೋಗಶಾಲೆಯ ವಿನೋದವಲ್ಲವೆಂದು ಲೋಕಕ್ಕೆ ಮನವರಿಕೆಯಾದುದು 2006ರ ಮಾರ್ಚ್ 13ರಂದು. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಹೊಸ ಔಷಧವೊಂದನ್ನು ಪಡೆದ ಆರು ಮಂದಿ ಆರೋಗ್ಯವಂತ ಯುವಕರು ಒಂದೂವರೆ ಗಂಟೆಯೊಳಗೆ ನರಳತೊಡಗಿ, ತೀವ್ರ ನಿಗಾ ವಿಭಾಗಕ್ಕೆ ಸೇರಿದರು. ಅವರ ರಕ್ತದಲ್ಲಿ ಸೈಟೊಕೈನ್‌ಗಳು ಬಿರುಗಾಳಿಯಂತೆ ಎದ್ದಿದ್ದವು. ಆರೂ ಜನ ಬದುಕಿದುದು ಪುಣ್ಯ. ಶತ್ರುವಿಲ್ಲದೆಯೇ ನಗಾರಿ ಮೊಳಗಿದರೆ ಸ್ವಂತ ಪಡೆಯೇ ಊರನ್ನು ಸುಡಬಲ್ಲದು.

ಆರು ವರ್ಷಗಳ ತರುವಾಯ, 2012ರ ಏಪ್ರಿಲ್‌ನಲ್ಲಿ, ಅಮೆರಿಕದ ಫಿಲಡೆಲ್ಫಿಯ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲಿಕೆ ಮಲಗಿದ್ದಳು. ರಕ್ತದ ಕ್ಯಾನ್ಸರು ಎರಡು ಸಲ ಮರುಕಳಿಸಿತ್ತು. ಬೇರೆ ಔಷಧ ಉಳಿದಿರಲಿಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಕಾರ್ಲ್ ಜೂನ್ ಮತ್ತು ಆಸ್ಪತ್ರೆಯ ವೈದ್ಯ ಸ್ಟೀಫನ್ ಗ್ರಪ್ ಆಕೆಯ ರಕ್ತದಿಂದಲೇ ಟೀ ಕೋಶಗಳನ್ನು ತೆಗೆದು, ಕ್ಯಾನ್ಸರನ್ನು ಗುರುತಿಸುವ ಹೊಸ ವಂಶವಾಹಿಯನ್ನು ಅವುಗಳಲ್ಲಿ ಸೇರಿಸಿ, ಮರಳಿ ಆಕೆಯ ಮೈಗೆ ಏರಿಸಿದರು. ಮಕ್ಕಳಲ್ಲಿ ಈ ಚಿಕಿತ್ಸೆ ಅದೇ ಮೊದಲು. ಕೆಲವು ದಿನಗಳಲ್ಲಿ ಜ್ವರ 105 ಡಿಗ್ರಿಯನ್ನು ಮೀರಿತು, ರಕ್ತದೊತ್ತಡ ಕುಸಿಯಿತು, ಉಸಿರಾಟಕ್ಕೆ ಯಂತ್ರ ಜೋಡಿಸಬೇಕಾಯಿತು. ಸ್ಟೀರಾಯ್ಡ್ ಕೊಟ್ಟರೂ ಗುಣ ಕಾಣಲಿಲ್ಲ. ಮಗು ಉಳಿಯುವುದು ಸಾವಿರಕ್ಕೊಂದು ಪಾಲೆಂದು ತಾಯಿತಂದೆಗಳಿಗೆ ತಿಳಿಸಲಾಯಿತು.

ಆಕೆಯ ರಕ್ತವನ್ನು ಸೈಟೊಕೈನ್ ಪರೀಕ್ಷೆಗೆ ಕಳುಹಿಸಿದರು. ಆ ಸಂಶೋಧನಾಲಯದಲ್ಲಿ ಬಳಕೆಯಲ್ಲಿದ್ದುದು ತಟ್ಟೆಯ ವಿಧಾನದ ಮುಂದುವರಿದ ರೂಪ. ಕಣ್ಣಿಗೆ ಕಾಣದ ಪುಟ್ಟ ಮಣಿಗಳು; ಒಂದೊಂದು ಓಲೆಗೂ ಒಂದೊಂದು ಬಣ್ಣದ ಮಣಿ; ಮಣಿಯ ಮೇಲೆ ಹಿಡಿಯುವ ಪ್ರತಿಕಾಯ, ಹಿಡಿದುದನ್ನು ಬೆಳಗಿ ತೋರಿಸುವ ಇನ್ನೊಂದು ಪ್ರತಿಕಾಯ. ಒಂದೇ ಹನಿಯಲ್ಲಿ ಹತ್ತಾರು ಓಲೆಗಳ ಲೆಕ್ಕ ಸಿಗುತ್ತದೆ. ಕೆಲವೇ ಗಂಟೆಗಳಲ್ಲಿ ಉತ್ತರ ಬಂದಿತು: ಇಂಟರ್‌ಲ್ಯೂಕಿನ್-6 ಸುಮಾರು ಸಾವಿರ ಪಟ್ಟು ಏರಿತ್ತು!

ಇಲ್ಲಿ ದೈವವೂ ಕೈಗೂಡಿತೆನ್ನಬೇಕು. ಜೂನ್ ಅವರ ಮಗಳಿಗೆ ಮಕ್ಕಳಲ್ಲಿ ಕಾಣುವ ಕೀಲುವಾತವಿತ್ತು. ಆ ಕಾಯಿಲೆಗೆ ಟಾಸಿಲಿಜುಮಾಬ್ ಎಂಬ ಔಷಧ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಆಗ ಒಂದು ವರ್ಷವಾಗಿತ್ತಷ್ಟೆ. ಮಗಳ ಕಾರಣದಿಂದಲೇ ತಂದೆಗೆ ಅದು ತಿಳಿದಿತ್ತು. ಕಿಶಿಮೊಟೊ ಅವರ ಸಂಶೋಧನೆಯ ಫಲವಾದ ಆ ಔಷಧವೂ ಒಂದು ಪ್ರತಿಕಾಯವೇ. ಇಂಟರ್‌ಲ್ಯೂಕಿನ್-6 ಬಂದು ತಟ್ಟುವ ಬಾಗಿಲನ್ನು ಮುಚ್ಚುತ್ತದೆ. ಇಂತಹ ಸಂಕಟಕ್ಕೆ ಅದನ್ನು ಕೊಟ್ಟವರು ಅದುವರೆಗೆ ಇರಲಿಲ್ಲ. ಕೊಟ್ಟರು. ಗಂಟೆಗಳಲ್ಲಿ ಜ್ವರ ಇಳಿಯತೊಡಗಿತು. ಮೇ 2ರಂದು, ತನ್ನ ಏಳನೆಯ ಹುಟ್ಟುಹಬ್ಬದ ದಿನ, ಎಮಿಲಿ ಕಣ್ದೆರೆದಳು. ಕ್ಯಾನ್ಸರಿನ ಸುಳಿವೂ ಉಳಿದಿರಲಿಲ್ಲ. 2022ರಲ್ಲಿ ಆಕೆ ರೋಗಮುಕ್ತಳಾಗಿ ಹತ್ತು ವರ್ಷ ತುಂಬಿದವು. ಅಂದು ಆ ಮಗು ತೀರಿಕೊಂಡಿದ್ದರೆ ಈ ಚಿಕಿತ್ಸೆಯೇ ಅಲ್ಲಿಗೆ ನಿಲ್ಲುತ್ತಿತ್ತೆಂದು ಬಲ್ಲವರು ಹೇಳುತ್ತಾರೆ. 2017ರ ಆಗಸ್ಟ್ 30ರಂದು ಅಮೆರಿಕದ ಸರಕಾರ ಕೋಶಚಿಕಿತ್ಸೆಗೂ, ಅದರಿಂದೇಳುವ ಬಿರುಗಾಳಿಗೆ ಟಾಸಿಲಿಜುಮಾಬ್ ಬಳಸುವುದಕ್ಕೂ ಒಂದೇ ದಿನ ಒಪ್ಪಿಗೆಯಿತ್ತಿತು. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಶ್ರಮದಿಂದ ರೂಪುಗೊಂಡ ಇದೇ ಬಗೆಯ ಚಿಕಿತ್ಸೆಗೆ 2023ರಲ್ಲಿ ಭಾರತದಲ್ಲಿಯೂ ಅನುಮತಿ ದೊರೆಯಿತು.

ಪಂಜು ಹಿಡಿದ ತಳವಾರನೂ ಒಮ್ಮೊಮ್ಮೆ ಮೋಸಹೋಗುವುದುಂಟು. ಕೆಲವರ ರಕ್ತದಲ್ಲಿ ಇಲಿಯ ಪ್ರತಿಕಾಯವನ್ನೇ ಹಿಡಿಯುವ ಪ್ರತಿಕಾಯಗಳಿರುತ್ತವೆ. ಅವು ನಡುವೆ ಓಲೆಯಿಲ್ಲದೆಯೇ ಮೇಲಿನದನ್ನೂ ಕೆಳಗಿನದನ್ನೂ ಬೆಸೆದು, ಇಲ್ಲದ ಹಳದಿಯನ್ನು ಹುಟ್ಟಿಸುತ್ತವೆ. ಟಾಸಿಲಿಜುಮಾಬ್ ಪಡೆದ ರೋಗಿಯಲ್ಲಿ ಮತ್ತೊಂದು ವಿಚಿತ್ರ. ಬಾಗಿಲು ಮುಚ್ಚಿದುದರಿಂದ ಒಳಹೋಗಲಾರದ ಓಲೆಗಳು ರಕ್ತದಲ್ಲೇ ಉಳಿದು, ರೋಗಿ ಚೇತರಿಸುತ್ತಿದ್ದರೂ ಅಂಕಿ ಕೆಲವು ದಿನ ಮೇಲೇರುತ್ತದೆ. ಅರಿಯದವನು ರೋಗ ಉಲ್ಬಣಿಸಿತೆಂದೇ ಬಗೆದಾನು. ಇಂಟರ್‌ಲ್ಯೂಕಿನ್-6ರ ಪರೀಕ್ಷೆಗೆ ಅನುಕೂಲವಿಲ್ಲದ ಆಸ್ಪತ್ರೆಗಳಲ್ಲಿ ವೈದ್ಯರು ಅದರ ಅಪ್ಪಣೆಯಂತೆ ಯಕೃತ್ತು ತಯಾರಿಸುವ ಸಿ.ಆರ್.ಪಿ. ಎಂಬ ಪ್ರೋಟೀನನ್ನು ಅಳೆದು ಬಿರುಗಾಳಿಯ ಏರಿಳಿತವನ್ನು ಊಹಿಸುತ್ತಾರೆ. ಅದು ಮಿಲಿಲೀಟರಿಗೆ ಪಿಕೊಗ್ರಾಮಿನ ಹತ್ತುಲಕ್ಷ ಪಟ್ಟಾದ ಮೈಕ್ರೊಗ್ರಾಮುಗಳ ಲೆಕ್ಕದಲ್ಲಿರುವುದರಿಂದ ಹಿಡಿಯುವುದು ಸುಲಭ. ಹಿಡಿಯುವುದು ಮಾತ್ರ ಅಲ್ಲಿಯೂ ಪ್ರತಿಕಾಯಗಳೇ.