ಭೀಮಾತೀರದಿಂದ ಧ್ರುವದೆಡೆಗೆ

ಮೇ ತಿಂಗಳ ನಡುಹಗಲಿನಲ್ಲಿ ಜೇವರ್ಗಿಯ ಬೀದಿಯ ಕಂಬಗಳ ನೆರಳು ಅವುಗಳ ಬುಡದಲ್ಲಿಯೇ ಅಡಗಿಬಿಡುತ್ತದೆ. ಆಳಂದ, ಅಫಜಲಪುರ ಮತ್ತು ಜೇವರ್ಗಿ ಪಟ್ಟಣಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ೧೭ರಿಂದ ೧೭½ ಡಿಗ್ರಿಗಳ ಸುಮಾರಿನಲ್ಲಿವೆ. ಆದುದರಿಂದ ಮೇ ೮ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ ೫ರ ಆಸುಪಾಸಿನಲ್ಲಿ ಮತ್ತೊಮ್ಮೆ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ಉಷ್ಣಮಾನವು ೪೨ ಡಿಗ್ರಿಯನ್ನು ದಾಟಿದ್ದ ಇಂತಹದೇ ಒಂದು ಮಧ್ಯಾಹ್ನ ವಿದ್ಯಾರ್ಥಿಯೊಬ್ಬನು ನಮ್ಮಲ್ಲಿಗೆ ಬಂದು, "ಸರ್, ಧ್ರುವಕ್ಕ ಹಡಗಿನ್ಯಾಗ ಮಂದಿ ತಿರುಗಾಡ್ಲಿಕ್ಕೆ ಹೋಗ್ತಾರಂತ್ರಿ. ನಮಗೂ ಹೋಗ್ಲಿಕ್ಕೆ ಆಗ್ತದೇನ್ರಿ?" ಎಂದು ಕೇಳಿದನು. ಜೊತೆಯಲ್ಲಿದ್ದವರು ನಕ್ಕರು. ನಾವು ನಗಲಿಲ್ಲ. ಭೂಪಟವನ್ನು ಮೇಜಿನ ಮೇಲೆ ಹರಡಿ, ಹೋಗುವುದೇ ಆದರೆ ಎಲ್ಲಿಗೆ, ಯಾವಾಗ, ಹೇಗೆ ಎಂದು ಲೆಕ್ಕ ಹಾಕಲು ಕುಳಿತೆವು. ಆ ಲೆಕ್ಕವನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಯಾವ ಧ್ರುವ?

ಒಂದು ಅಕ್ಷಾಂಶದ ಅಂತರ ಸುಮಾರು ೧೧೧ ಕಿಲೊಮೀಟರು. ಜೇವರ್ಗಿಯಿಂದ ಉತ್ತರ ಧ್ರುವಕ್ಕೆ ೭೩ ಡಿಗ್ರಿ, ಅಂದರೆ ಸುಮಾರು ೮,೧೦೦ ಕಿಲೊಮೀಟರು. ದಕ್ಷಿಣ ಧ್ರುವಕ್ಕೆ ೧೦೭ ಡಿಗ್ರಿ, ಅಂದರೆ ಸುಮಾರು ೧೧,೯೦೦ ಕಿಲೊಮೀಟರು. ದೂರವೊಂದನ್ನೇ ನೋಡಿದರೆ ಉತ್ತರವೇ ನಮಗೆ ಹತ್ತಿರ.

ಆದರೆ ಈ ಎರಡು ಧ್ರುವಗಳು ಒಂದೇ ಬಗೆಯವಲ್ಲ. ಉತ್ತರದಲ್ಲಿರುವುದು ನೆಲದಿಂದ ಸುತ್ತುವರಿಯಲ್ಪಟ್ಟ ಸಮುದ್ರ. ಅದರ ಮೇಲೆ ತೇಲುವ ಮಂಜಿನ ಹಾಸು ಕೆಲವೇ ಮೀಟರುಗಳಷ್ಟು ದಪ್ಪ. ದಕ್ಷಿಣದಲ್ಲಿರುವುದು ಸಮುದ್ರದಿಂದ ಸುತ್ತುವರಿಯಲ್ಪಟ್ಟ ನೆಲ; ಅದರ ಮೇಲಿನ ಮಂಜಿನ ಸರಾಸರಿ ದಪ್ಪ ಸುಮಾರು ೨ ಕಿಲೊಮೀಟರು. ಹಿಮಕರಡಿ ಉತ್ತರದ್ದು, ಪೆಂಗ್ವಿನ್ ದಕ್ಷಿಣದ್ದು. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡುವ ಆಸೆಯನ್ನು ಮೊದಲಿಗೇ ಬಿಡಬೇಕು. ಉತ್ತರಕ್ಕೆ ಹೋಗುವ ಹಡಗುಗಳು ಹೆಚ್ಚಾಗಿ ನಾರ್ವೆಯ ಆಡಳಿತದಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪಗಳಿಂದ ಹೊರಡುತ್ತವೆ. ದಕ್ಷಿಣಕ್ಕೆ ಹೋಗುವವುಗಳಲ್ಲಿ ಬಹುಪಾಲು ಅರ್ಜೆಂಟೀನದ ತುದಿಯಲ್ಲಿರುವ ಉಶುವಾಯಾ ಬಂದರಿನಿಂದ ಹೊರಟು, ಸುಮಾರು ೧,೦೦೦ ಕಿಲೊಮೀಟರು ಸಮುದ್ರವನ್ನು ಎರಡು ದಿನಗಳಲ್ಲಿ ದಾಟುತ್ತವೆ.

ಯಾವ ತಿಂಗಳು?

ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಮೇ ತಿಂಗಳುಗಳಲ್ಲಿ. ದುರ್ದೈವದಿಂದ ಅದು ಎರಡು ಧ್ರುವಗಳಿಗೂ ಒಗ್ಗದ ಕಾಲ. ದಕ್ಷಿಣದಲ್ಲಿ ಆಗ ಚಳಿಗಾಲದ ಕತ್ತಲೆ ಇಳಿಯುತ್ತಿರುತ್ತದೆ. ಉತ್ತರದಲ್ಲಿ ಬೆಳಕಿದ್ದರೂ ಸಮುದ್ರದ ಮಂಜು ಇನ್ನೂ ಬಿಟ್ಟಿರುವುದಿಲ್ಲ. ಸೂರ್ಯನ ಶಾಖವು ಅತ್ಯಧಿಕವಾಗುವುದು ಜೂನ್ ೨೧ರಂದು. ಆದರೆ ಅಲ್ಲಿಯ ಮಂಜು ಅತ್ಯಂತ ಕಡಮೆಯಾಗುವುದು ಸೆಪ್ಟೆಂಬರಿನಲ್ಲಿ. ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿಯೂ ಸೂರ್ಯನು ನೆತ್ತಿಗೇರುವುದು ಹನ್ನೆರಡರ ಸುಮಾರಿಗೆ, ಸೆಖೆ ಮಿತಿಮೀರುವುದು ಎರಡು ಮೂರು ಗಂಟೆಗೆ. ಶಾಖವನ್ನು ಕೂಡಿಸಿಕೊಳ್ಳಲು ನೆಲಕ್ಕೆ ಗಂಟೆಗಳು ಬೇಕು, ಸಮುದ್ರಕ್ಕೆ ತಿಂಗಳುಗಳು ಬೇಕು. ಆದುದರಿಂದ ಸ್ವಾಲ್‌ಬಾರ್ಡಿಗೆ ಜೂನ್ ಕೊನೆಯಿಂದ ಆಗಸ್ಟಿನವರೆಗೆ, ಅಂಟಾರ್ಕ್ಟಿಕಕ್ಕೆ ನವೆಂಬರಿನಿಂದ ಮಾರ್ಚಿಯವರೆಗೆ ಹೋಗುವುದು ಯುಕ್ತ.

ಅಲ್ಲಿಯ ಬೆಳಕಿನ ಲೆಕ್ಕವೂ ಬೇರೆಯೇ. ಜೂನ್ ೨೧ರಂದು ಜೇವರ್ಗಿಯಲ್ಲಿ ಹಗಲು ಸುಮಾರು ೧೩ ಗಂಟೆ. ಸುಮಾರು ೭೮ ಡಿಗ್ರಿ ಉತ್ತರದಲ್ಲಿರುವ ಸ್ವಾಲ್‌ಬಾರ್ಡಿನ ಮುಖ್ಯ ಪಟ್ಟಣ ಲಾಂಗ್‌ಇಯರ್‌ಬೈಯೆನ್‌ನಲ್ಲಿ ೨೪ ಗಂಟೆ. ಅಂದು ಸೂರ್ಯನು ಅಲ್ಲಿ ಮಧ್ಯಾಹ್ನ ೩೫ ಡಿಗ್ರಿ ಎತ್ತರದಲ್ಲಿದ್ದು, ಮಧ್ಯರಾತ್ರಿಯಲ್ಲಿಯೂ ಕ್ಷಿತಿಜದಿಂದ ೧೧½ ಡಿಗ್ರಿ ಮೇಲೆಯೇ ಉಳಿಯುತ್ತಾನೆ.

ಯಾವ ಹಡಗು?

ದೊಡ್ಡ ಹಡಗಿನಲ್ಲಿ ಸುಖ ಹೆಚ್ಚು, ತಲೆಗೆ ತಗಲುವ ವೆಚ್ಚವೂ ಕೆಲವೊಮ್ಮೆ ಕಡಮೆ. ಆದರೆ ೧೯೯೧ರಲ್ಲಿ ಸ್ಥಾಪಿತವಾದ ಅಂಟಾರ್ಕ್ಟಿಕ ಪ್ರವಾಸ ವ್ಯವಸ್ಥಾಪಕರ ಅಂತರರಾಷ್ಟ್ರೀಯ ಸಂಘದ ನಿಯಮದಂತೆ ೫೦೦ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರೂ ದಡಕ್ಕೆ ಇಳಿಯುವಂತಿಲ್ಲ. ಸಣ್ಣ ಹಡಗಿನಿಂದಲೂ ಒಂದು ಸ್ಥಳದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಜನ ಇಳಿಯಕೂಡದು. ಮಂಜನ್ನು ದೂರದಿಂದ ನೋಡಿ ಮರಳಬೇಕೋ, ಅದರ ಮೇಲೆ ಹೆಜ್ಜೆಯಿಡಬೇಕೋ ಎಂಬುದನ್ನು ಟಿಕೇಟು ಕೊಳ್ಳುವ ಮೊದಲೇ ನಿರ್ಧರಿಸಬೇಕು.

ಹಡಗಿನ ಗಟ್ಟಿತನವನ್ನೂ ವಿಚಾರಿಸಬೇಕು. ಮಂಜಿನ ಸಾಂದ್ರತೆ ಘನಮೀಟರಿಗೆ ಸುಮಾರು ೯೧೭ ಕಿಲೊಗ್ರಾಂ, ಸಮುದ್ರದ ನೀರಿನದು ಸುಮಾರು ೧,೦೨೫. ಆದುದರಿಂದ ನೀರ್ಗಲ್ಲ ಗುಡ್ಡದ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನೀರಿನೊಳಗೆ ಅಡಗಿರುತ್ತದೆ. ೧೯೬೯ರಲ್ಲಿ ಇಂತಹ ಪ್ರವಾಸಗಳಿಗೆಂದೇ ಕಟ್ಟಲ್ಪಟ್ಟ 'ಎಕ್ಸ್‌ಪ್ಲೋರರ್' ಎಂಬ ಹಡಗು ೨೦೦೭ರ ನವೆಂಬರ್ ೨೩ರಂದು ಅಂಟಾರ್ಕ್ಟಿಕದ ಬಳಿ ಮಂಜಿಗೆ ತಗಲಿ ಮುಳುಗಿತು. ಅದರಲ್ಲಿದ್ದ ೧೫೪ ಜನರೂ ಬದುಕಿ ಉಳಿದರು. ೨೦೧೭ರ ಜನವರಿ ೧ರಿಂದ ಧ್ರುವಸಮುದ್ರಗಳ ಹಡಗುಗಳಿಗೆ ಪ್ರತ್ಯೇಕವಾದ ಅಂತರರಾಷ್ಟ್ರೀಯ ನಿಯಮಾವಳಿ ಜಾರಿಯಲ್ಲಿದೆ.

ಪೆಟ್ಟಿಗೆಯಲ್ಲಿ ಏನಿರಬೇಕು?

ಬೇಸಿಗೆಯ ಧ್ರುವತೀರದಲ್ಲಿ ಉಷ್ಣಮಾನ ಸೊನ್ನೆಯ ಆಸುಪಾಸಿನಲ್ಲಿರುವುದೇ ಹೆಚ್ಚು. ಪೀಡಿಸುವುದು ಗಾಳಿ. ಉಷ್ಣಮಾನ ಸೊನ್ನೆಗಿಂತ ೫ ಡಿಗ್ರಿ ಕೆಳಗಿದ್ದು ಗಂಟೆಗೆ ೩೦ ಕಿಲೊಮೀಟರು ವೇಗದ ಗಾಳಿ ಬೀಸಿದರೆ, ಬರಿಯ ಚರ್ಮಕ್ಕೆ ಅದು ಸೊನ್ನೆಗಿಂತ ೧೩ ಡಿಗ್ರಿ ಕೆಳಗಿನ ಚಳಿಯಂತೆ ತಗಲುತ್ತದೆ. ಮೈಯನ್ನು ಅಂಟಿಕೊಂಡ ಬೆಚ್ಚನೆಯ ಗಾಳಿಯ ಪದರವನ್ನು ಬಿರುಗಾಳಿ ಒಯ್ಯುವುದೇ ಇದಕ್ಕೆ ಕಾರಣ. ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಬೆಚ್ಚಗಿರುವುದು ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಅದೇ ತತ್ವದಂತೆ ಒಂದು ದಪ್ಪ ಕೋಟಿಗಿಂತ ಮೂರು ತೆಳು ಉಡುಪುಗಳು, ಅವುಗಳ ಮೇಲೆ ಗಾಳಿ ನೀರು ಹೊಗದ ಹೊದಿಕೆಯೊಂದು ಉತ್ತಮ. ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ೮೦ರಿಂದ ೯೦ ಪಾಲನ್ನು ಹಿಂದಕ್ಕೆ ಎಸೆಯುವುದರಿಂದ ಕಪ್ಪು ಕನ್ನಡಕವೂ ಬೇಕು.

ಒಯ್ಯಬಾರದ ವಸ್ತುವೊಂದಿದೆ: ನಮ್ಮ ಹೊಲದ ಮಣ್ಣು. ಬೂಟಿನ ಅಡಿಗೆ ಮೆತ್ತಿಕೊಂಡ ಎರೆಮಣ್ಣಿನಲ್ಲಿ, ಜೇಬಿನ ಹೊಲಿಗೆಯಲ್ಲಿ ಬೀಜಗಳೂ ಸೂಕ್ಷ್ಮಜೀವಿಗಳೂ ಇರಬಹುದು. ಅಂಟಾರ್ಕ್ಟಿಕದಲ್ಲಿ ದಡಕ್ಕೆ ಇಳಿಸುವ ಮೊದಲು ಬೂಟುಗಳನ್ನು ತೊಳೆಸಿ, ಜೇಬುಗಳನ್ನೂ ಶುಚಿಗೊಳಿಸುತ್ತಾರೆ.

ಮಂಜು ತೆರುವ ಬೆಲೆ

ಇಂತಹ ಪ್ರವಾಸಕ್ಕೆ ಒಬ್ಬರಿಗೆ ಹಲವು ಲಕ್ಷ ರೂಪಾಯಿಗಳು ಬೇಕು. ರೂಪಾಯಿಯ ಲೆಕ್ಕ ಮುಗಿದಾಗ ನಾವು ಇನ್ನೊಂದು ಲೆಕ್ಕವನ್ನು ಮಾಡಿಸಿದೆವು. ಮುಂಬಯಿಯಿಂದ ಉಶುವಾಯಾಕ್ಕೆ ಹೋಗಿಬರುವ ವಿಮಾನಮಾರ್ಗ ಸುಮಾರು ೩೫,೦೦೦ ಕಿಲೊಮೀಟರು. ಒಬ್ಬ ಪ್ರಯಾಣಿಕನ ಪಾಲಿಗೆ ನೂರು ಕಿಲೊಮೀಟರಿಗೆ ೩ ಲೀಟರು ಇಂಧನವೆಂದರೂ ೧,೦೫೦ ಲೀಟರು ಆಗುತ್ತದೆ. ಒಂದು ಲೀಟರು ಉರಿದರೆ ಸುಮಾರು ೨½ ಕಿಲೊಗ್ರಾಂ ಇಂಗಾಲದ ಡೈಆಕ್ಸೈಡು. ಒಟ್ಟು ಸುಮಾರು ೨.೬ ಟನ್. ಸ್ವಾಲ್‌ಬಾರ್ಡಿಗೆ ಹೋದರೆ ಇದರ ಅರ್ಧದಷ್ಟು. ಹಡಗಿನ ಹೊಗೆ ಇದರಲ್ಲಿ ಸೇರಿಲ್ಲ.

ವಿಜ್ಞಾನಿಗಳಾದ ಡಿರ್ಕ್ ನೋಟ್ಸ್ ಮತ್ತು ಜೂಲಿಯೆನ್ ಸ್ಟ್ರೋವ್ ೨೦೧೬ರಲ್ಲಿ ಪ್ರಕಟಿಸಿದ ಶೋಧನೆಯಂತೆ, ವಾಯುಮಂಡಲಕ್ಕೆ ಸೇರುವ ಪ್ರತಿಯೊಂದು ಟನ್ ಇಂಗಾಲದ ಡೈಆಕ್ಸೈಡಿಗೆ ಉತ್ತರಧ್ರುವ ಸಮುದ್ರದ ಸೆಪ್ಟೆಂಬರ್ ಮಂಜಿನಲ್ಲಿ ಸುಮಾರು ೩ ಚದರ ಮೀಟರು ಇಲ್ಲವಾಗುತ್ತದೆ. ಹಾಗಾದರೆ ಉಶುವಾಯಾ ಪ್ರಯಾಣಿಕನೊಬ್ಬನ ಪಾಲು ಸುಮಾರು ೮ ಚದರ ಮೀಟರು: ನಾಲ್ಕು ಹೊರಸು ಹಾಕುವಷ್ಟು ಜಾಗ. ಮಂಜು ಹೋದ ಕಡೆ ಕಪ್ಪು ನೀರು ತೆರೆದುಕೊಂಡು, ಬಿದ್ದ ಬೆಳಕಿನ ಬಹುಭಾಗವನ್ನು ಹೀರಿ, ಇನ್ನಷ್ಟು ಮಂಜನ್ನು ಕರಗಿಸುತ್ತದೆ. ಮಂಜನ್ನು ನೋಡಲು ಹೋಗುವುದರಿಂದಲೇ ಮಂಜು ಕಡಮೆಯಾಗುತ್ತದೆಯೆಂದಾಗ ವಿದ್ಯಾರ್ಥಿಗಳು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಪ್ರಶ್ನೆ ಕೇಳಿದ್ದ ಹುಡುಗನೇ, "ಹಂಗಾದ್ರ ಹೋಗಬಾರ್ದೇನ್ರಿ ಸರ್?" ಎಂದನು.

ಗೋವೆಯ ಬಾಗಿಲು

ಹೋಗಬಾರದೆಂದು ನಾವು ಹೇಳಲಿಲ್ಲ. ಏನನ್ನು ಮಾಡಲು ಹೋಗುತ್ತೇವೆ ಎಂಬುದನ್ನು ಕೇಳಿಕೊಳ್ಳಬೇಕೆಂದೆವು. ನಾವು ಲೆಕ್ಕಕ್ಕೆ ಬಳಸಿದ ಆ ೩ ಚದರ ಮೀಟರಿನ ಅಂಕಿ ಮಂಜನ್ನು ವರ್ಷವರ್ಷವೂ ಅಳೆದವರಿಂದ ಬಂದುದು. ಅಳೆಯುವವರಿಗೂ ಅಲ್ಲಿಗೆ ದಾರಿಯುಂಟು; ಆ ದಾರಿಯ ಬಾಗಿಲು ಜೇವರ್ಗಿಯಿಂದ ನೇರವಾಗಿ ಸುಮಾರು ೩೬೦ ಕಿಲೊಮೀಟರು ದೂರದ ಗೋವೆಯಲ್ಲಿದೆ. ೧೯೮೧ರ ಡಿಸೆಂಬರ್ ೬ರಂದು ಎಸ್. ಝಡ್. ಕಾಸಿಂ ಅವರ ನೇತೃತ್ವದಲ್ಲಿ ೨೧ ಜನರ ಮೊದಲ ಭಾರತೀಯ ತಂಡವು 'ಪೋಲಾರ್ ಸರ್ಕಲ್' ಎಂಬ ಹಡಗನ್ನೇರಿ ಗೋವೆಯಿಂದ ಹೊರಟು, ೧೯೮೨ರ ಜನವರಿ ೯ರಂದು ಅಂಟಾರ್ಕ್ಟಿಕವನ್ನು ಮುಟ್ಟಿತು. ಇಂದು ನಮ್ಮ ದೇಶಕ್ಕೆ ಅಲ್ಲಿ ೧೯೮೯ರ ಮೈತ್ರಿ, ೨೦೧೨ರ ಭಾರತಿ ಎಂಬ ನೆಲೆಗಳಿವೆ. ಉತ್ತರದಲ್ಲಿ, ಸ್ವಾಲ್‌ಬಾರ್ಡಿನಲ್ಲಿಯೇ, ೨೦೦೮ರಲ್ಲಿ ತೆರೆದ ಹಿಮಾದ್ರಿ ಇದೆ. ಇವುಗಳನ್ನು ನಡೆಸುವುದು ಗೋವೆಯ ವಾಸ್ಕೊದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಅಲ್ಲಿಗೆ ಹೋಗುವವರಲ್ಲಿ ವಿಜ್ಞಾನಿಗಳಷ್ಟೇ ಅಲ್ಲ, ವೈದ್ಯರೂ, ಯಂತ್ರ ಕೆಲಸದವರೂ, ಅಡಿಗೆಯವರೂ ಇರುತ್ತಾರೆ.

ಅಲ್ಲಿಯ ಬಂಡೆಯೂ ನಮಗೆ ಪರಕೀಯವಲ್ಲ. ಸುಮಾರು ೧೩ ಕೋಟಿ ವರ್ಷಗಳ ಹಿಂದಿನವರೆಗೆ ಭಾರತ ಮತ್ತು ಅಂಟಾರ್ಕ್ಟಿಕಗಳು ಗೊಂಡ್ವಾನವೆಂಬ ಒಂದೇ ಮಹಾಖಂಡದ ಭಾಗಗಳಾಗಿದ್ದುವು. ಆಳಂದದ ಕರಿಕಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದಾಗ ನಮ್ಮ ನೆಲವು ಆ ನೆರೆಯನ್ನು ಬಿಟ್ಟು ಉತ್ತರಕ್ಕೆ ಸಾಗುತ್ತಿದ್ದಿತು.

ಮರುದಿನ ಆ ಹುಡುಗನು ಕಾಲೇಜಿನ ಅಂಗಳದಲ್ಲಿ ಒಂದು ಮೀಟರು ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದನು. ನಡುಹಗಲಿನಲ್ಲಿ ಅದಕ್ಕೆ ನೆರಳೇ ಇರಲಿಲ್ಲ. ಅದೇ ಕೋಲನ್ನು ಜೂನ್ ೨೧ರಂದು ಲಾಂಗ್‌ಇಯರ್‌ಬೈಯೆನ್‌ನಲ್ಲಿ ನೆಟ್ಟರೆ ನೆರಳು ಎಷ್ಟು ಉದ್ದವಾದೀತೆಂದು ಅವನೇ ಲೆಕ್ಕ ಹಾಕಿ ತಂದು ತೋರಿಸಿದನು: ಮಧ್ಯಾಹ್ನ ೧.೪ ಮೀಟರು, ಮಧ್ಯರಾತ್ರಿ ಸುಮಾರು ೪.೯ ಮೀಟರು. ಲೆಕ್ಕ ಸರಿಯಾಗಿತ್ತು. ಅದನ್ನು ಒಂದು ದಿನ ಅಲ್ಲಿಯೇ ಅಳೆದು ನೋಡಬೇಕೆಂದು ಪುಟದ ಕೆಳಗೆ ಬರೆದುಕೊಂಡಿದ್ದನು.