ಸ್ತನ ಕ್ಯಾನ್ಸರ್: ರೋಗನಿರೋಧಕ ಸೂಚಕಗಳು ಹಾಗೂ ಕಿಮೋಥೆರಪಿಯ ಫಲದ ಮುನ್ನಂದಾಜು – ಸಾರ್ವಜನಿಕ ಮಾಹಿತಿ

ಪೀಠಿಕೆ

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನ ಕ್ಯಾನ್ಸರ್ ಆಗಿರುತ್ತದೆ. 2022ನೇ ಸಾಲಿನ ಜಾಗತಿಕ ಅಂದಾಜಿನಂತೆ ದೇಶದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಉಂಟಾಗಿವೆ. ಈ ರೋಗಕ್ಕೆ ನೀಡಲಾಗುವ ಪ್ರಮುಖ ಚಿಕಿತ್ಸೆಗಳಲ್ಲಿ ಕಿಮೋಥೆರಪಿಯೂ ಒಂದು. ಆದರೆ ಒಂದೇ ಔಷಧಿಯು ಎಲ್ಲ ರೋಗಿಗಳಲ್ಲಿಯೂ ಒಂದೇ ಪ್ರಮಾಣದ ಫಲ ನೀಡುವುದಿಲ್ಲ. ಫಲವನ್ನು ಮುಂಚಿತವಾಗಿ ಅಂದಾಜು ಮಾಡಲು ನೆರವಾಗುವ ಅಂಶಗಳಲ್ಲಿ ರೋಗಿಯ ದೇಹದ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಸೂಚಕಗಳೂ ಸೇರಿವೆ.

ಇತ್ತೀಚಿನ ವರ್ಷಗಳಲ್ಲಿ ಬಯಾಪ್ಸಿ ವರದಿಗಳಲ್ಲಿ ಇಂತಹ ಸೂಚಕಗಳ ಉಲ್ಲೇಖ ಕಂಡುಬರುತ್ತಿದೆ. ವರದಿಯಲ್ಲಿನ ಅಂಕಿ ಕಡಿಮೆ ಇದ್ದಲ್ಲಿ ಚಿಕಿತ್ಸೆ ವ್ಯರ್ಥವೆಂದೂ, ಹೆಚ್ಚು ಇದ್ದಲ್ಲಿ ರೋಗ ತಾನಾಗಿಯೇ ವಾಸಿಯಾಗುವುದೆಂದೂ ತಪ್ಪಾಗಿ ಭಾವಿಸುವ ಸಾಧ್ಯತೆ ಇರುತ್ತದೆ. ಇವೆರಡೂ ಗ್ರಹಿಕೆಗಳು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ರಾಯಚೂರು ತಾಲ್ಲೂಕಿನ ಯರಗೇರಾ ಹಾಗೂ ಸುತ್ತಲಿನ ಗ್ರಾಮಗಳ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ರೋಗಿಗಳು ಮತ್ತು ಅವರ ಕುಟುಂಬದವರು ಈ ಸೂಚಕಗಳ ಅರ್ಥವನ್ನು ಸರಿಯಾಗಿ ತಿಳಿದು ಸೇವೆಗಳನ್ನು ಪಡೆಯಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಮೊದಲು ಆಗಬೇಕಾದ ಮೂರು ಪರೀಕ್ಷೆಗಳು

ಸ್ತನದ ಗಂಟಿನಿಂದ ಸೂಜಿಯ ಮೂಲಕ ತೆಗೆದ ಸಣ್ಣ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಕ್ಯಾನ್ಸರ್ ಇರುವುದು ದೃಢಪಟ್ಟ ನಂತರ ಅದೇ ತುಣುಕಿನ ಮೇಲೆ ಈ ಕೆಳಕಂಡ ಮೂರು ಪರೀಕ್ಷೆಗಳನ್ನು ನಡೆಸುವುದು ಅವಶ್ಯಕವಾಗಿರುತ್ತದೆ.

1. ಈಸ್ಟ್ರೋಜನ್ ಗ್ರಾಹಕ ಪರೀಕ್ಷೆ
2. ಪ್ರೊಜೆಸ್ಟರಾನ್ ಗ್ರಾಹಕ ಪರೀಕ್ಷೆ
3. ಹೆರ್-2 ಪರೀಕ್ಷೆ

ಮೊದಲ ಎರಡರಲ್ಲಿ ಯಾವುದಾದರೊಂದು ಧನಾತ್ಮಕವಾಗಿದ್ದಲ್ಲಿ ಹಾರ್ಮೋನು ನಿಯಂತ್ರಿಸುವ ಮಾತ್ರೆಗಳಿಂದ ಪ್ರಯೋಜನವಾಗುತ್ತದೆ. ಹೆರ್-2 ಧನಾತ್ಮಕವಾಗಿದ್ದಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಚುಚ್ಚುಮದ್ದು ಉಪಯುಕ್ತವಾಗಿರುತ್ತದೆ. ಮೂರೂ ಋಣಾತ್ಮಕವಾಗಿದ್ದಲ್ಲಿ ಅದನ್ನು ಟ್ರಿಪಲ್ ನೆಗೆಟಿವ್ ಎಂದು ಕರೆಯಲಾಗುತ್ತದೆ. ಈ ಬಗೆಯಲ್ಲಿ ಕಿಮೋಥೆರಪಿಯೇ ಮುಖ್ಯ ಆಧಾರ. ಪಾಶ್ಚಾತ್ಯ ದೇಶಗಳಿಗಿಂತ ಭಾರತದ ರೋಗಿಗಳಲ್ಲಿ ಈ ಬಗೆಯ ಪ್ರಮಾಣ ಹೆಚ್ಚಾಗಿರುವುದು ಅಧ್ಯಯನಗಳಿಂದ ತಿಳಿದುಬಂದಿದೆ. ಆದ್ದರಿಂದ ಕಿಮೋಥೆರಪಿಯ ಫಲವನ್ನು ಅಂದಾಜು ಮಾಡುವ ವಿಷಯವು ಇಲ್ಲಿನ ಮಹಿಳೆಯರಿಗೆ ವಿಶೇಷವಾಗಿ ಸಂಬಂಧಿಸಿರುತ್ತದೆ.

ರೋಗನಿರೋಧಕ ಸೂಚಕ ಎಂದರೇನು?

ರಕ್ತದಲ್ಲಿರುವ ಬಿಳಿ ರಕ್ತಕಣಗಳ ಒಂದು ವರ್ಗಕ್ಕೆ ಲಿಂಫೋಸೈಟ್ ಎಂದು ಹೆಸರು. ದೇಹಕ್ಕೆ ಸೇರದ ಅಥವಾ ಕೆಟ್ಟುಹೋದ ಜೀವಕೋಶಗಳನ್ನು ಗುರುತಿಸಿ ನಾಶಪಡಿಸುವುದು ಇವುಗಳ ಕಾರ್ಯ. ಕೆಲವು ರೋಗಿಗಳಲ್ಲಿ ಈ ಕಣಗಳು ಕ್ಯಾನ್ಸರ್ ಗಂಟಿನೊಳಗೆ ಹೆಚ್ಚಿನ ಸಂಖ್ಯೆಯಲ್ಲಿ ಸೇರಿಕೊಂಡಿರುತ್ತವೆ. ಮತ್ತೆ ಕೆಲವರಲ್ಲಿ ಬಹಳ ವಿರಳವಾಗಿರುತ್ತವೆ. ಹೀಗೆ ಗಂಟಿನೊಳಗೆ ಸೇರಿದ ಲಿಂಫೋಸೈಟ್‌ಗಳನ್ನು ವರದಿಗಳಲ್ಲಿ ಟಿ.ಐ.ಎಲ್. ಎಂದು ನಮೂದಿಸಲಾಗುತ್ತದೆ.

ರೋಗಶಾಸ್ತ್ರ ತಜ್ಞರು ಕ್ಯಾನ್ಸರ್ ಕೋಶಗಳ ಗುಂಪುಗಳ ನಡುವಿನ ಅಂಗಾಂಶದಲ್ಲಿ ಎಷ್ಟು ಭಾಗವನ್ನು ಈ ಕಣಗಳು ಆವರಿಸಿವೆ ಎಂಬುದನ್ನು ಶೇಕಡಾವಾರು ಲೆಕ್ಕದಲ್ಲಿ ದಾಖಲಿಸುತ್ತಾರೆ. ಇದನ್ನು ಎಲ್ಲೆಡೆ ಒಂದೇ ವಿಧಾನದಲ್ಲಿ ಎಣಿಸುವ ಸಲುವಾಗಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2014ರಲ್ಲಿ ಮಾರ್ಗಸೂಚಿಯನ್ನು ಸಿದ್ಧಪಡಿಸಿತು. ಈ ಎಣಿಕೆಯನ್ನು ರೋಗ ಪತ್ತೆಗಾಗಿ ಬಣ್ಣ ಹಾಕಿದ ಸಾಮಾನ್ಯ ಗಾಜಿನ ಸ್ಲೈಡಿನ ಮೇಲೆಯೇ ಮಾಡಲಾಗುತ್ತದೆ. ಇದಕ್ಕಾಗಿ ಮತ್ತೊಮ್ಮೆ ಬಯಾಪ್ಸಿಯಾಗಲಿ, ವಿಶೇಷ ರಾಸಾಯನಿಕವಾಗಲಿ ಬೇಕಾಗುವುದಿಲ್ಲ.

ಕಿಮೋಥೆರಪಿಯ ಕೆಲವು ಔಷಧಿಗಳು ಕ್ಯಾನ್ಸರ್ ಕೋಶಗಳನ್ನು ನೇರವಾಗಿ ಕೊಲ್ಲುವುದಲ್ಲದೆ, ಸಾಯುತ್ತಿರುವ ಕೋಶಗಳು ರೋಗನಿರೋಧಕ ಕಣಗಳ ಗಮನಕ್ಕೆ ಬರುವಂತೆಯೂ ಮಾಡುತ್ತವೆ. ಗಂಟಿನೊಳಗೆ ಈ ಕಣಗಳು ಮೊದಲೇ ಸೇರಿದ್ದಲ್ಲಿ ಔಷಧಿಯ ಕೆಲಸಕ್ಕೆ ಅವುಗಳ ಬೆಂಬಲ ದೊರೆಯುತ್ತದೆ ಎಂಬುದು ವೈದ್ಯಕೀಯ ವಿವರಣೆಯಾಗಿದೆ.

ಅಧ್ಯಯನಗಳಿಂದ ತಿಳಿದುಬಂದ ಅಂಶಗಳು

ಶಸ್ತ್ರಚಿಕಿತ್ಸೆಗೆ ಮೊದಲೇ ಕಿಮೋಥೆರಪಿ ನೀಡಿದಾಗ ಅದರ ಫಲವನ್ನು ನೇರವಾಗಿ ಅಳೆಯಬಹುದು. ಚಿಕಿತ್ಸೆ ಮುಗಿದ ನಂತರ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗವನ್ನು ಪರೀಕ್ಷಿಸಿದಾಗ ಸ್ತನದಲ್ಲಿಯೂ ಕಂಕುಳಿನ ಗ್ರಂಥಿಗಳಲ್ಲಿಯೂ ಹರಡುವ ಸ್ವಭಾವದ ಕ್ಯಾನ್ಸರ್ ಉಳಿದಿಲ್ಲವಾದರೆ ಅದನ್ನು ಪೂರ್ಣ ಸ್ಪಂದನೆ ಎನ್ನಲಾಗುತ್ತದೆ.

ಜರ್ಮನಿಯ ಕಾರ್ಸ್ಟನ್ ಡೆಂಕರ್ಟ್ ಮತ್ತು ಅವರ ಸಹೋದ್ಯೋಗಿಗಳು 1,058 ಮಾದರಿಗಳನ್ನು ಪರೀಕ್ಷಿಸಿ, ಲಿಂಫೋಸೈಟ್ ಹೇರಳವಾಗಿದ್ದ ಗಂಟುಗಳಲ್ಲಿ ಪೂರ್ಣ ಸ್ಪಂದನೆ ಗಣನೀಯವಾಗಿ ಹೆಚ್ಚೆಂದು 2010ರಲ್ಲಿ ಪ್ರಕಟಿಸಿದರು. ಇದೇ ತಂಡವು 3,771 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಟಿ.ಐ.ಎಲ್. ಶೇ. 10ರವರೆಗೆ ಇದ್ದಲ್ಲಿ ಕಡಿಮೆ ಎಂದೂ, ಶೇ. 60 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅಧಿಕ ಎಂದೂ ವಿಂಗಡಿಸಲಾಯಿತು. ಪೂರ್ಣ ಸ್ಪಂದನೆ ಪಡೆದವರ ಪ್ರಮಾಣ ಈ ಕೆಳಗಿನಂತಿತ್ತು.

- ಟ್ರಿಪಲ್ ನೆಗೆಟಿವ್ ಬಗೆ: ಕಡಿಮೆ ಇದ್ದವರಲ್ಲಿ ಶೇ. 31; ಅಧಿಕ ಇದ್ದವರಲ್ಲಿ ಶೇ. 50
- ಹೆರ್-2 ಧನಾತ್ಮಕ ಬಗೆ: ಕಡಿಮೆ ಇದ್ದವರಲ್ಲಿ ಶೇ. 32, ಅಧಿಕ ಇದ್ದವರಲ್ಲಿ ಶೇ. 48
- ಹಾರ್ಮೋನು ಧನಾತ್ಮಕ, ಹೆರ್-2 ಋಣಾತ್ಮಕ ಬಗೆ: ಕಡಿಮೆ ಇದ್ದವರಲ್ಲಿ ಶೇ. 6, ಅಧಿಕ ಇದ್ದವರಲ್ಲಿ ಶೇ. 28

ಈ ಅಂಕಿಗಳನ್ನು ಓದಬೇಕಾದ ಬಗೆ

ಮೇಲಿನ ವಿವರದಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಅಂಕಿ ಕಡಿಮೆ ಇದ್ದವರಲ್ಲಿಯೂ ನೂರಕ್ಕೆ 31 ಮಂದಿಗೆ ಪೂರ್ಣ ಸ್ಪಂದನೆ ದೊರೆತಿದೆ. ಅಂಕಿ ಕಡಿಮೆ ಎಂಬ ಕಾರಣಕ್ಕೆ ಕಿಮೋಥೆರಪಿಯನ್ನು ನಿರಾಕರಿಸಿದ್ದಲ್ಲಿ ಈ 31 ಮಂದಿ ಆ ಅವಕಾಶದಿಂದ ವಂಚಿತರಾಗುತ್ತಿದ್ದರು. ಪೂರ್ಣ ಸ್ಪಂದನೆ ದೊರೆಯದವರಲ್ಲಿಯೂ ಗಂಟು ಕುಗ್ಗಿ ಶಸ್ತ್ರಚಿಕಿತ್ಸೆ ಸುಲಭವಾಗಬಹುದು.

ಎರಡನೆಯದಾಗಿ, ಅಂಕಿ ಅಧಿಕ ಇದ್ದವರಲ್ಲಿಯೂ ಅರ್ಧದಷ್ಟು ಮಂದಿಗೆ ಪೂರ್ಣ ಸ್ಪಂದನೆ ದೊರೆತಿಲ್ಲ. ಆದ್ದರಿಂದ ಅಧಿಕ ಅಂಕಿಯು ವಾಸಿಯಾಗುವ ಭರವಸೆಯ ಪತ್ರವಲ್ಲ. ಗಂಟು ಕೈಗೆ ಸಿಗದಂತೆ ಕರಗಿದರೂ ವೈದ್ಯರು ನಿಗದಿಪಡಿಸಿದ ಸುತ್ತುಗಳನ್ನೂ ಶಸ್ತ್ರಚಿಕಿತ್ಸೆಯನ್ನೂ ಪೂರ್ಣಗೊಳಿಸತಕ್ಕದ್ದು.

ಮೂರನೆಯದಾಗಿ, ಒಂದೇ ಅಂಕಿಗೆ ಎಲ್ಲ ಬಗೆಗಳಲ್ಲಿ ಒಂದೇ ಅರ್ಥವಿಲ್ಲ. ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಟಿ.ಐ.ಎಲ್. ಹೆಚ್ಚಿದ್ದವರ ಆಯುಷ್ಯವೂ ಹೆಚ್ಚಾಗಿತ್ತು. ಹಾರ್ಮೋನು ಧನಾತ್ಮಕ, ಹೆರ್-2 ಋಣಾತ್ಮಕ ಬಗೆಯಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶ ಕಂಡುಬಂದಿತು. ಆದ್ದರಿಂದ ನೆರೆಮನೆಯ ರೋಗಿಯ ವರದಿಯೊಂದಿಗೆ ಹೋಲಿಸಿ ನಿರ್ಧಾರ ಕೈಗೊಳ್ಳುವುದು ಸರಿಯಲ್ಲ.

2019ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್ ಹೆಸರಿನ ತಜ್ಞರ ಸಭೆಯು ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಈ ಅಂಕಿಯನ್ನು ವರದಿಯಲ್ಲಿ ದಾಖಲಿಸುವಂತೆ ಶಿಫಾರಸು ಮಾಡಿತು. ಆದರೆ ಕೇವಲ ಇದರ ಆಧಾರದ ಮೇಲೆ ಚಿಕಿತ್ಸೆಯನ್ನು ನಿರ್ಧರಿಸಲು ಪುರಾವೆ ಸಾಲದು ಎಂಬ ಅಭಿಪ್ರಾಯವನ್ನೂ ವ್ಯಕ್ತಪಡಿಸಿತು. ರೋಗದ ಹಂತ, ಗಂಟಿನ ಗಾತ್ರ, ಕಂಕುಳಿನ ಗ್ರಂಥಿಗಳ ಸ್ಥಿತಿ, ಮೇಲ್ಕಂಡ ಮೂರು ಪರೀಕ್ಷೆಗಳು ಮತ್ತು ರೋಗಿಯ ಆರೋಗ್ಯ ಇವೆಲ್ಲವನ್ನೂ ಪರಿಗಣಿಸಿ ವೈದ್ಯರು ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ.

ಪಿ.ಡಿ.-ಎಲ್.1 ಪರೀಕ್ಷೆ

ಕ್ಯಾನ್ಸರ್ ಕೋಶಗಳು ರೋಗನಿರೋಧಕ ಕಣಗಳನ್ನು ತಡೆಹಿಡಿಯಲು ಬಳಸುವ ಪ್ರೋಟೀನುಗಳಲ್ಲಿ ಪಿ.ಡಿ.-ಎಲ್.1 ಒಂದು. ಈ ತಡೆಯನ್ನು ತೆರವುಗೊಳಿಸುವ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿಯನ್ನು ಕಿಮೋಥೆರಪಿಯೊಂದಿಗೆ ನೀಡಿದಾಗ ಟ್ರಿಪಲ್ ನೆಗೆಟಿವ್ ಬಗೆಯ ಆರಂಭಿಕ ಹಂತಗಳಲ್ಲಿ ಪೂರ್ಣ ಸ್ಪಂದನೆಯು ಶೇ. 51.2ರಿಂದ ಶೇ. 64.8ಕ್ಕೆ ಏರಿತೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸುತ್ತದೆ. ಪಿ.ಡಿ.-ಎಲ್.1 ಇದ್ದವರಿಗೂ ಇಲ್ಲದವರಿಗೂ ಈ ಪ್ರಯೋಜನ ಕಂಡುಬಂದಿದ್ದರಿಂದ ಆರಂಭಿಕ ಹಂತಗಳಲ್ಲಿ ಔಷಧಿಯ ಆಯ್ಕೆಗೆ ಈ ಪರೀಕ್ಷೆ ಕಡ್ಡಾಯವಲ್ಲ. ದೇಹದ ಇತರ ಭಾಗಗಳಿಗೆ ಹರಡಿದ ರೋಗದಲ್ಲಿ ಮಾತ್ರ ಈ ಪರೀಕ್ಷೆಯ ಫಲಿತಾಂಶವು ಔಷಧಿಯ ಆಯ್ಕೆಗೆ ಆಧಾರವಾಗುತ್ತದೆ. ಔಷಧಿಯು ದುಬಾರಿಯಾಗಿದ್ದು, ಯಾವುದೇ ಹಣ ಪಾವತಿಸುವ ಮೊದಲು ಅದು ಸರ್ಕಾರಿ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಮಾದರಿಯ ಸಂರಕ್ಷಣೆ: ಕುಟುಂಬದವರ ಜವಾಬ್ದಾರಿ

ಚಿಕಿತ್ಸೆಗೆ ಮುನ್ನ ತೆಗೆದ ತುಣುಕಿನಲ್ಲಿ ಮಾತ್ರ ಫಲದ ಮುನ್ನಂದಾಜು ಸಾಧ್ಯ. ಕಿಮೋಥೆರಪಿ ಆರಂಭವಾದ ನಂತರ ಗಂಟಿನ ಸ್ವರೂಪ ಬದಲಾಗುವುದರಿಂದ ಕಳೆದುಹೋದ ಮೊದಲ ಮಾದರಿಯನ್ನು ಮರಳಿ ಪಡೆಯಲು ಬರುವುದಿಲ್ಲ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ಬಯಾಪ್ಸಿ ತುಣುಕನ್ನು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್ ದ್ರಾವಣದಲ್ಲಿ ಇರಿಸಬೇಕು. ನೀರಿನಲ್ಲಿಯಾಗಲಿ, ಖಾಲಿ ಡಬ್ಬಿಯಲ್ಲಿಯಾಗಲಿ ಇಟ್ಟಲ್ಲಿ ಮಾದರಿ ಕೆಡುತ್ತದೆ.
2. ಶೀಶೆಯನ್ನು ಪ್ರಯೋಗಾಲಯಕ್ಕೆ ತಲುಪಿಸುವ ಕೆಲಸವನ್ನು ಕುಟುಂಬದವರಿಗೆ ವಹಿಸಿದ್ದಲ್ಲಿ ಅದೇ ದಿನ ತಲುಪಿಸಬೇಕು. ಮೂರು ದಿನಗಳಿಗಿಂತ ಹೆಚ್ಚು ಕಾಲ ಫಾರ್ಮಲಿನ್‌ನಲ್ಲಿ ಉಳಿದ ತುಣುಕಿನಿಂದ ಗ್ರಾಹಕ ಪರೀಕ್ಷೆಗಳ ಫಲಿತಾಂಶ ತಪ್ಪಾಗಬಹುದು.
3. ಪರೀಕ್ಷೆಯ ನಂತರ ತುಣುಕನ್ನು ಮೇಣದ ಅಚ್ಚಿನಲ್ಲಿ ಕಾಪಾಡಲಾಗುತ್ತದೆ. ಇದನ್ನು ಬ್ಲಾಕ್ ಎನ್ನುತ್ತಾರೆ. ಬೇರೆ ಊರಿನ ಆಸ್ಪತ್ರೆಗೆ ತೆರಳುವಾಗ ವರದಿಯ ಜೊತೆಗೆ ಬ್ಲಾಕ್ ಮತ್ತು ಸ್ಲೈಡುಗಳನ್ನು ಲಿಖಿತ ಮನವಿ ನೀಡಿ ಪಡೆದು ಕೊಂಡೊಯ್ಯಬೇಕು.
4. ಬ್ಲಾಕನ್ನು ಬಿಸಿಲಿನಲ್ಲಿ ಅಥವಾ ಬಿಸಿಯಾದ ವಾಹನದಲ್ಲಿ ಬಿಡಬಾರದು. ರಾಯಚೂರಿನ ಬೇಸಿಗೆಯಲ್ಲಿ ಈ ಎಚ್ಚರಿಕೆ ಹೆಚ್ಚು ಅವಶ್ಯಕ.

ಸೇವೆ ಪಡೆಯುವ ವಿಧಾನ

ಸ್ತನದಲ್ಲಿ ಗಂಟು, ಚರ್ಮದಲ್ಲಿ ಕುಳಿ, ತೊಟ್ಟಿನಿಂದ ರಕ್ತಸ್ರಾವ ಅಥವಾ ಕಂಕುಳಿನಲ್ಲಿ ಗಡ್ಡೆ ಕಂಡುಬಂದಲ್ಲಿ ನೋವಿಲ್ಲವೆಂದು ಸುಮ್ಮನಿರದೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕು. ಗ್ರಾಮದ ಆಶಾ ಕಾರ್ಯಕರ್ತೆಯರ ನೆರವನ್ನೂ ಪಡೆಯಬಹುದು. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಅಥವಾ ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಹೆಚ್ಚಿನ ಚಿಕಿತ್ಸೆ ಅವಶ್ಯವಿದ್ದಲ್ಲಿ ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರ ಅಥವಾ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಸೇವೆ ಪಡೆಯಬಹುದು.

ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಗಂಭೀರ ಕಾಯಿಲೆಗಳ ಚಿಕಿತ್ಸೆ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು 2010ರಲ್ಲಿ ಮೊದಲು ಜಾರಿಗೊಳಿಸಿದ್ದು ರಾಯಚೂರು ಜಿಲ್ಲೆಯನ್ನು ಒಳಗೊಂಡ ಅಂದಿನ ಗುಲ್ಬರ್ಗಾ ವಿಭಾಗದಲ್ಲಿ. ಈ ಯೋಜನೆಯು 2018ರಲ್ಲಿ ಇತರ ಯೋಜನೆಗಳೊಂದಿಗೆ ವಿಲೀನಗೊಂಡು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಜಾರಿಗೆ ಬಂದಿತು. ಇದರಡಿ ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇ. 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಗೆ ಒಳಪಟ್ಟು, ಸರ್ಕಾರ ಭರಿಸುತ್ತದೆ.

ಜೊತೆಯಲ್ಲಿ ಕೊಂಡೊಯ್ಯಬೇಕಾದ ದಾಖಲೆಗಳು

1. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್
2. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ
3. ಬಯಾಪ್ಸಿ ಮತ್ತು ಗ್ರಾಹಕ ಪರೀಕ್ಷೆಗಳ ಮೂಲ ವರದಿಗಳು, ಬ್ಲಾಕ್ ಹಾಗೂ ಸ್ಲೈಡುಗಳು
4. ಈವರೆಗೆ ಪಡೆದ ಔಷಧಿಗಳ ಚೀಟಿಗಳು

ಚಿಕಿತ್ಸೆಗಾಗಿ ರೈಲಿನಲ್ಲಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಹಾಗೂ ಜೊತೆಗಿರುವ ಒಬ್ಬರಿಗೆ ದರದಲ್ಲಿ ರಿಯಾಯಿತಿ ಇರುತ್ತದೆ. ಇದಕ್ಕಾಗಿ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರವನ್ನು ಟಿಕೆಟ್ ಪಡೆಯುವಾಗ ಹಾಜರುಪಡಿಸಬೇಕು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವರದಿಯಲ್ಲಿ ಟಿ.ಐ.ಎಲ್. ಅಂಕಿ ಇಲ್ಲದಿದ್ದಲ್ಲಿ ಚಿಕಿತ್ಸೆ ತಡೆಹಿಡಿಯಬೇಕೇ?
ಉತ್ತರ: ಇಲ್ಲ. ಮೂರು ಗ್ರಾಹಕ ಪರೀಕ್ಷೆಗಳ ವರದಿ ಇದ್ದಲ್ಲಿ ಚಿಕಿತ್ಸೆ ಆರಂಭಿಸಬಹುದು. ಸ್ಲೈಡುಗಳು ಭದ್ರವಾಗಿದ್ದಲ್ಲಿ ಈ ಅಂಕಿಯನ್ನು ನಂತರವೂ ಎಣಿಸಬಹುದು.

ಪ್ರಶ್ನೆ: ಆಹಾರ ಅಥವಾ ಔಷಧಿಯಿಂದ ಈ ಅಂಕಿಯನ್ನು ಹೆಚ್ಚಿಸಿಕೊಳ್ಳಬಹುದೇ?
ಉತ್ತರ: ರೋಗನಿರೋಧಕ ಶಕ್ತಿ ಹೆಚ್ಚಿಸುವುದೆಂದು ಮಾರಾಟವಾಗುವ ಪುಡಿ, ಕಷಾಯಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಅವುಗಳಲ್ಲಿ ಕೆಲವು ಕಿಮೋಥೆರಪಿಗೆ ಅಡ್ಡಿಯಾಗಬಹುದು.

ಪ್ರಶ್ನೆ: ಸುಗ್ಗಿ ಅಥವಾ ಹತ್ತಿ ಬಿಡಿಸುವ ಕಾಲದಲ್ಲಿ ಒಂದು ಸುತ್ತನ್ನು ಮುಂದೂಡಬಹುದೇ?
ಉತ್ತರ: ವೈದ್ಯರ ಅನುಮತಿಯಿಲ್ಲದೆ ಮುಂದೂಡಬಾರದು. ಮುನ್ನಂದಾಜು ಎಷ್ಟೇ ಉತ್ತಮವಾಗಿದ್ದರೂ ಅರ್ಧಕ್ಕೆ ನಿಂತ ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ.

ಸಾರ್ವಜನಿಕರು ವರದಿಯ ಅಂಕಿಯನ್ನು ತಾವೇ ಅರ್ಥೈಸಿ ಚಿಕಿತ್ಸೆಯನ್ನು ಕೈಬಿಡದೆ, ತಜ್ಞ ವೈದ್ಯರೊಂದಿಗೆ ಚರ್ಚಿಸಿ ಮುಂದುವರಿಯಲು ಕೋರಲಾಗಿದೆ. ಯೋಜನೆಯ ಸೌಲಭ್ಯಗಳ ಕುರಿತು ಹೆಚ್ಚಿನ ಮಾಹಿತಿಗಾಗಿ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಅಥವಾ ಆಯುಷ್ಮಾನ್ ಭಾರತ್ ಸಹಾಯವಾಣಿ ಸಂಖ್ಯೆ 14555 ಅನ್ನು ಸಂಪರ್ಕಿಸಬಹುದಾಗಿದೆ.