ಮಳೆಗಾಲದಲ್ಲಿ ಏಳದ ಕಂಪ್ಯೂಟರ್

ರಾತ್ರಿ ಸರಿಯಾಗಿಯೇ ಇದ್ದ ಕಂಪ್ಯೂಟರ್ ಬೆಳಿಗ್ಗೆ ಗುಂಡಿ ಒತ್ತಿದರೆ ಏಳುವುದಿಲ್ಲ. ‘ಬೋರ್ಡ್ ಹೋಗಿದೆ’ ಅಂತಲೋ ‘ಫಾರ್ಮ್ಯಾಟ್ ಮಾಡ್ಬೇಕು’ ಅಂತಲೋ ಯಾರಾದರೂ ಹೇಳುತ್ತಾರೆ. ಯಾವುದಕ್ಕೂ ಹೂಂಗುಟ್ಟುವ ಮೊದಲು ಯಂತ್ರ ಎಲ್ಲಿಯವರೆಗೆ ಬಂದು ನಿಂತಿತು ಎಂದು ನೋಡಿಕೊಳ್ಳಿ. ದೀಪವೇ ಹತ್ತಲಿಲ್ಲವೆ? ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿಯೇ ಇದೆಯೆ? ಕಂಪನಿಯ ಲೋಗೋ ಬಂದು ಅಲ್ಲಿಗೇ ನಿಂತಿತೆ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ನಮ್ಮ ಕರಾವಳಿಯಲ್ಲಿ ಮೊದಲ ಅನುಮಾನ ಮಳೆಯ ಮೇಲೆ: ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನದ ಮಳೆ 500 ಮಿಲಿಮೀಟರ್ ದಾಟಿ ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತ್ತು. ಹಾಗೆ ನೀರು ಹೊಕ್ಕ ಕಂಪ್ಯೂಟರಿಗೆ ಕರೆಂಟು ಕೊಡಲೇಬಾರದು. ಬಿಚ್ಚಿ, ಒಣಗಿಸಿ, ಬಲ್ಲವರಿಗೆ ತೋರಿಸಬೇಕು. ಆದರೆ ನೀರು ಹೊಸ್ತಿಲು ದಾಟದ ಮನೆಯಲ್ಲೂ ತೇವ ಮತ್ತು ಕಡಲ ಉಪ್ಪು ಗಾಳಿಯಲ್ಲೇ ಒಳಗೆ ಬರುತ್ತವೆ.

ದೀಪವೇ ಹತ್ತದಿದ್ದರೆ ಮೊದಲು ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಆಗಲೂ ಏಳದಿದ್ದರೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಹಾಕಿ. ಲ್ಯಾಪ್‌ಟಾಪಿಗೂ ಚಾರ್ಜರ್ ತೆಗೆದು ಹೀಗೇ ಮಾಡಬಹುದು. ಡೆಸ್ಕ್‌ಟಾಪ್ ಆಗಲೂ ಜಗ್ಗದಿದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಒಳಗಿನ ಭಾಗಗಳಿಗೆ ಕರೆಂಟು ಒದಗಿಸುವ ಪೆಟ್ಟಿಗೆಯ ಮೇಲೆ. ಅದನ್ನು ಬೇರೆಯದರೊಂದಿಗೆ ಅದಲು ಬದಲು ಮಾಡಿ ನೋಡಬಹುದು, ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ ಎಂದಾಗ ನಮ್ಮ ಕರಾವಳಿಯಲ್ಲಿ ನಾನು ಮೊದಲು ರ‍್ಯಾಮ್ ಕಡೆ ಕೈಹಾಕುತ್ತೇನೆ. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಸಾಲಾಗಿ ಕಾಣುವ ಹೊಂಬಣ್ಣದ ಹಲ್ಲುಗಳ ಮೇಲಿನ ಚಿನ್ನದ ಲೇಪ ಬಲು ತೆಳು. ಅದರ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಉಪ್ಪುತೇವ ಇಳಿದು ಕೆಳಗಿನ ಲೋಹ ಕಿಲುಬು ಹಿಡಿಯುತ್ತದೆ, ಸಂಪರ್ಕ ತಪ್ಪುತ್ತದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ. ಕ್ಲಿಪ್ಪುಗಳನ್ನು ಸರಿಸಿ ಪಟ್ಟಿಯನ್ನು ತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳನ್ನು ಹಗುರಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಝಾಡಿಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಇನ್ನೂ ಒಳ್ಳೆಯದು. ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ. ಹಲ್ಲುಗಳಿಗೆ ಬೆರಳು ತಾಗಿಸಬೇಡಿ, ಬೆವರಿನಲ್ಲೂ ಉಪ್ಪಿದೆ. ‘ಟಕ್’ ಎಂದು ಕ್ಲಿಪ್ ಕೂರುವವರೆಗೆ ಒತ್ತಿ ಹಾಕಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಕ್ಯಾಬಿನೆಟ್ ತೆರೆದಾಗ ಇರುವೆ ಗೂಡೋ ಸತ್ತ ಹಲ್ಲಿಯೋ ಬೋರ್ಡಿನ ಮೇಲೆ ಕಂಡರೆ ಅದೇ ಕಾರಣವೂ ಆಗಿರಬಹುದು.

ಮದರ್‌ಬೋರ್ಡಿನಲ್ಲಿ ಎಂಟಾಣೆ ಬಿಲ್ಲೆಯಂತಹ ಒಂದು ಸೆಲ್ ಇದೆ, ಹೆಸರು ಸಿಆರ್2032, 3 ವೋಲ್ಟಿನದು. ಕಂಪ್ಯೂಟರಿನ ಗಡಿಯಾರವೂ ಬಯಾಸ್ (ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ) ಸೆಟ್ಟಿಂಗುಗಳೂ ಇದನ್ನೇ ನೆಚ್ಚಿವೆ. ಗೋಡೆಯ ಕರೆಂಟು ಇರುವಷ್ಟು ಹೊತ್ತು ಈ ಸೆಲ್ಲಿಗೆ ವಿಶ್ರಾಂತಿ. ಸಿಡಿಲಿಗೆ ಹೆದರಿ ತಿಂಗಳುಗಟ್ಟಲೆ ಪ್ಲಗ್ ಕಿತ್ತಿಡುವ ಮನೆಗಳಲ್ಲಿ ಅದು ಬೇಗ ಖಾಲಿಯಾಗುತ್ತದೆ. ಆಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಬೂಟ್ ಮೋಡ್, ಸಾಟಾ ಮೋಡ್ ಕಾರ್ಖಾನೆಯ ಸ್ಥಿತಿಗೆ ಮರಳಿದರೆ ಚೆನ್ನಾಗಿರುವ ಡಿಸ್ಕನ್ನೂ ಯಂತ್ರ ಗುರುತಿಸದೆ ‘ಬೂಟ್ ಡಿವೈಸ್ ನಾಟ್ ಫೌಂಡ್’ ಎನ್ನುತ್ತದೆ. ಹೊಸ ಸೆಲ್ ಹಾಕಿ, ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸಿಗೆ ಹೋಗಿ, ತಾರೀಖನ್ನೂ ಮೋಡನ್ನೂ ಸರಿಪಡಿಸಿದರೆ ಆಯಿತು. ಇಷ್ಟಕ್ಕೇ ಹಾರ್ಡ್‌ಡಿಸ್ಕ್ ಎಸೆದ ಮನೆಗಳಿವೆ ಎಂಬುದು ನನಗೆ ಸಂಕಟದ ವಿಷಯ. ಸಿಡಿಲಿಗೆ ಹೆದರಿ ತಿಂಗಳುಗಟ್ಟಲೆ ಪ್ಲಗ್ ಕಿತ್ತಿಡಬೇಕಿಲ್ಲ. ಅದು ಜೋರು ಮಾಡುವುದು ಏಪ್ರಿಲ್–ಮೇ ತಿಂಗಳ ಅಡ್ಡಮಳೆಯಲ್ಲಿ, ಮತ್ತೆ ಅಕ್ಟೋಬರಿನ ಆಚೀಚೆ. ಗುಡುಗು ಕೇಳಿದಾಗ ಪ್ಲಗ್ಗಿನ ಜೊತೆ ಇಂಟರ್ನೆಟ್ ಕೇಬಲ್ಲನ್ನೂ ತೆಗೆಯಿರಿ, ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ. ಗುಡುಗು ನಿಂತ ಮೇಲೆ ಮತ್ತೆ ಹಾಕಿ. ಜೂನ್–ಜುಲೈಯ ಜಡಿಮಳೆಯಲ್ಲಿ ದಿನಕ್ಕೆ ಅರ್ಧ ತಾಸು ಕಂಪ್ಯೂಟರ್ ನಡೆಸಿದರೆ ಅದರದೇ ಬಿಸಿಗೆ ಒಳಗಿನ ತೇವ ಆರುತ್ತದೆ.

ಲೋಗೋ ಬಂದು ವಿಂಡೋಸ್ ಬಾರದಿದ್ದರೆ ಎಸ್‌ಎಂಪಿಎಸ್, ರ‍್ಯಾಮ್ ಬಹುಮಟ್ಟಿಗೆ ಸರಿಯಿವೆ ಎಂದು ತಿಳಿಯಿರಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಯಲ್ಲಿ ನಿಂತವು. ಅವುಗಳ ಬಿಡಿಭಾಗಗಳಿಗೆ ಏನೂ ಆಗಿರಲಿಲ್ಲ. ಸೇಫ್ ಮೋಡಿನಲ್ಲಿ ಒಂದು ಫೈಲ್ ಅಳಿಸಿದರೆ ಏಳುತ್ತಿದ್ದವು. ನಿಮ್ಮದರಲ್ಲೂ ‘ಸ್ಟಾರ್ಟಪ್ ರಿಪೇರ್’, ಸೇಫ್ ಮೋಡ್ ಪ್ರಯತ್ನಿಸಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಗಳ ಕೀ ಕೇಳಿದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ, ಸಾಮಾನ್ಯವಾಗಿ ಅಲ್ಲಿರುತ್ತದೆ. ಡಿಸ್ಕಿನಿಂದ ಒಂದೇ ಸಮ ‘ಟಕ್ ಟಕ್’ ಸದ್ದು ಬಂದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡಬೇಡಿ, ಉಳಿದಿರುವ ಫೈಲುಗಳೂ ಹೋದಾವು.

ಹೊನ್ನಾವರದ ಮನೆಯಲ್ಲಿ ಕ್ಯಾಸೆಟ್ಟಿನಿಂದ ಇಳಿಸಿಟ್ಟ ಯಕ್ಷಗಾನವಿರುತ್ತದೆ, ಭಟ್ಕಳದ ಮನೆಯಲ್ಲಿ ದುಬೈಯಿಂದ ಬಂದ ಮೊಮ್ಮಕ್ಕಳ ಫೋಟೊಗಳಿರುತ್ತವೆ. ಫಾರ್ಮ್ಯಾಟ್ ಮಾಡಿದರೆ ಇವೆಲ್ಲ ಅಳಿಯುತ್ತವೆ. ಆದ್ದರಿಂದ ಅಂಗಡಿಗೆ ಕೊಡುವಾಗ ಯಂತ್ರ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಹೇಳಿ, ‘ಮೊದಲು ಡೇಟಾ ತೆಗೆದುಕೊಡಿ’ ಎಂದು ಚೀಟಿಯಲ್ಲಿ ಬರೆಸಿ. ಡಿಸ್ಕ್ ಆರೋಗ್ಯವಾಗಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿ, ಅಥವಾ ಡಿಸ್ಕನ್ನು ಯುಎಸ್‌ಬಿ ಕೇಬಲ್ಲಿನಿಂದ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಫೈಲುಗಳನ್ನು ಹೊರಗೆ ನಕಲು ಮಾಡಿಕೊಳ್ಳಬಹುದು. ಬೋರ್ಡ್ ಬದಲಿಸಬೇಕಾಗಿ ಬಂದರೂ ಹಳೆಯ ಡಿಸ್ಕನ್ನು ಕೇಳಿ ವಾಪಸ್ ತನ್ನಿ.